ಕುಲುಮೆಯಲ್ಲಿ ಕಳೆದ ತಾಸುಗಳು: ಯುಜೀನ್ ಕ್ರಿಸ್ತೋಫ್‌ನ ಜೀವನ ಮತ್ತು ಹಂತದ ಓಟದ ಲೆಕ್ಕ

ಯುಜೀನ್ ಕ್ರಿಸ್ತೋಫ್ ಫ್ರಾನ್ಸ್ ದೇಶದ ಸೈಕಲ್ ಓಟಗಾರ. ಹುಟ್ಟಿದ್ದು 1885ರಲ್ಲಿ, ತೀರಿಕೊಂಡದ್ದು 1970ರಲ್ಲಿ. ಟೂರ್ ಡಿ ಫ್ರಾನ್ಸ್ ಎಂಬ ಜಗತ್ಪ್ರಸಿದ್ಧ ಓಟಕ್ಕೆ ಅವನು ಹನ್ನೊಂದು ಸಲ ಇಳಿದ, ಒಮ್ಮೆಯೂ ಗೆಲ್ಲಲಿಲ್ಲ. ಆದರೂ ಆ ಓಟದ ಚರಿತ್ರೆ ಬರೆಯುವವರು ಗೆದ್ದವರಲ್ಲಿ ಎಷ್ಟೋ ಜನರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಇವನ ಬಳಿ ಮಾತ್ರ ನಿಂತು ಪುಟಗಟ್ಟಲೆ ಬರೆಯುತ್ತಾರೆ. ಅದಕ್ಕೆ ಕಾರಣವಿದೆ. ಓಟದ ಗೆಲುವನ್ನು ದರ್ಜೆಯಿಂದ ಅಳೆಯಬೇಕೋ ಕಾಲದಿಂದ ಅಳೆಯಬೇಕೋ ಎಂಬ ಪ್ರಶ್ನೆಗೆ ಉತ್ತರ ಬದಲಾಗುತ್ತ ಹೋದದ್ದು ಇವನು ಓಡುತ್ತಿದ್ದ ಕಾಲದಲ್ಲಿಯೇ. ಪ್ರತಿ ಬದಲಾವಣೆಯೂ ಇವನ ಮೈಮೇಲೆ ಹಾದುಹೋಗಿದೆ.

ಅಭ್ಯಾಸ ಬೋಧನೆಗೆಂದು ನವಲಗುಂದ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಗೆ ಹೋದಾಗ ಒಂಬತ್ತನೆಯ ತರಗತಿಗೆ ಈ ಜೀವನಕಥೆಯನ್ನು ಮೂರು ಅವಧಿಗಳಲ್ಲಿ ಹೇಳಿದೆ. ನನ್ನ ವಿಷಯ ಗಣಿತ. ತಾಸು, ನಿಮಿಷ, ಸೆಕೆಂಡುಗಳ ಸಂಕಲನ ವ್ಯವಕಲನವನ್ನು ಮಕ್ಕಳು ಕೆಳಗಿನ ತರಗತಿಗಳಲ್ಲಿಯೇ ಮುಗಿಸಿರುತ್ತಾರೆ, ಆದರೆ ಅರವತ್ತರ ಹಾಸಲು ತೆಗೆದುಕೊಳ್ಳುವಾಗ ಇನ್ನೂ ತಡವರಿಸುತ್ತಾರೆ. ಸಂಖ್ಯಾಶಾಸ್ತ್ರದ ಘಟಕ ಬಂದಾಗ ಮೊತ್ತ, ಸರಾಸರಿ, ದರ್ಜೆ ಇವು ಬೇರೆ ಬೇರೆ ಕಥೆ ಹೇಳುತ್ತವೆಂಬುದು ಅವರಿಗೆ ಹೊಳೆಯುವುದಿಲ್ಲ. ಇವೆರಡನ್ನೂ ಒಂದೇ ಮನುಷ್ಯನ ಬಾಳಿನಲ್ಲಿ ಕಾಣಿಸಬಹುದೆಂದು ಈತನನ್ನು ಆರಿಸಿಕೊಂಡೆ. ಸೈಕಲ್ ನಮ್ಮ ಮಕ್ಕಳಿಗೆ ಹೊಸದೇನಲ್ಲ. 2006–07ರಿಂದ ಹಲವು ವರ್ಷ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು, ಅಕ್ಕ ಅಣ್ಣಂದಿರ ಆ ಸೈಕಲ್ಲುಗಳ ಮೇಲೆಯೇ ಇಂದಿಗೂ ಅನೇಕರು ಶಾಲೆಗೆ ಬರುತ್ತಾರೆ. ವಿಜಯಪುರ, ಬಾಗಲಕೋಟೆ ಭಾಗದ ಹುಡುಗ ಹುಡುಗಿಯರು ಸೈಕಲ್ ಓಟದಲ್ಲಿ ಹೆಸರು ಮಾಡಿದ್ದನ್ನೂ ಅವರು ಕೇಳಿದ್ದರು. ಆದರೆ ದಿನಕ್ಕೊಂದು ಊರು ಮುಟ್ಟುತ್ತ ವಾರಗಟ್ಟಲೆ ನಡೆಯುವ ಓಟದಲ್ಲಿ ಗೆದ್ದವರು ಯಾರೆಂದು ಹೇಗೆ ಹೇಳುತ್ತಾರೆ ಎಂಬುದು ಒಬ್ಬರಿಗೂ ತಿಳಿದಿರಲಿಲ್ಲ.

ಬೀಗದ ಕೆಲಸದ ಹುಡುಗ

ಕ್ರಿಸ್ತೋಫ್ ಹುಟ್ಟಿದ ಮಲಕೋಫ್ ಪ್ಯಾರಿಸ್ ಪಟ್ಟಣಕ್ಕೆ ಅಂಟಿಕೊಂಡ ಊರು. ದುಡಿದು ತಿನ್ನುವ ಜನ ಅಲ್ಲಿ ಹೆಚ್ಚು. ಹುಡುಗ ಬೀಗ ಮಾಡುವ ಕಸುಬಿಗೆ ಸೇರಿದ. ಕಬ್ಬಿಣ ಕಾಯಿಸುವುದು, ಬಡಿಯುವುದು, ಅರದಿಂದ ತಿಕ್ಕಿ ಅಳತೆಗೆ ಕೂಡಿಸುವುದು ಅವನ ಕೈಗೆ ಬಂದವು. ಈ ಸಂಗತಿಯನ್ನು ಮೊದಲ ಅವಧಿಯಲ್ಲಿಯೇ ಮಕ್ಕಳಿಗೆ ಹೇಳಿಬಿಟ್ಟೆ. ಅವನ ಬಾಳಿನ ಅತಿ ದೊಡ್ಡ ದಿನದಂದು ಕಾಲಿನ ಬಲಕ್ಕಿಂತ ಈ ಕೈಗೆಲಸವೇ ಬೇಕಾಯಿತು.

1904ರ ಸುಮಾರಿಗೆ ಅವನು ಸೈಕಲ್ ಓಟವನ್ನೇ ಬದುಕು ಮಾಡಿಕೊಂಡ. ಹೊಲ, ಕೆಸರು, ಏರುದಿಣ್ಣೆಗಳಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡಿ ಮತ್ತೆ ಏರುವ ಸೈಕ್ಲೋಕ್ರಾಸ್ ಎಂಬ ಚಳಿಗಾಲದ ಆಟದಲ್ಲಿ ಅವನು ಏಳು ಸಲ ಫ್ರಾನ್ಸಿನ ಚಾಂಪಿಯನ್ ಆದ. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಸಿಕ್ಕಿ ಸೈಕಲ್ ಹೊತ್ತುಕೊಂಡು ಶಾಲೆಗೆ ಬರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

1910ರ ಏಪ್ರಿಲ್ ತಿಂಗಳಲ್ಲಿ ಇಟಲಿಯ ಮಿಲಾನ್‌ದಿಂದ ಸಾನ್ ರೆಮೊದವರೆಗಿನ ಒಂದೇ ದಿನದ ಓಟವನ್ನು ಅವನು ಗೆದ್ದ. ಟುರ್ಕಿನೊ ಕಣಿವೆಯಲ್ಲಿ ಹಿಮ ಬಿದ್ದಿತ್ತು. ಮೈ ಸೆಟೆದು ನಿಲ್ಲಲಾರದೆ ದಾರಿಬದಿಯ ಮನೆಯೊಂದರಲ್ಲಿ ಬೆಂಕಿ ಕಾಯಿಸಿಕೊಂಡು, ಒಣಬಟ್ಟೆ ತೊಟ್ಟು ಮತ್ತೆ ಹೊರಟ. ಹನ್ನೆರಡು ತಾಸಿಗೂ ಮಿಕ್ಕಿ ಸವಾರಿ ಮಾಡಿ ಗುರಿ ಮುಟ್ಟಿದ. ಹೊರಟವರಲ್ಲಿ ಕೊನೆಯವರೆಗೆ ಬಂದವರು ಬೆರಳೆಣಿಕೆಯಷ್ಟೇ. ಆ ಚಳಿಯಿಂದ ಆಸ್ಪತ್ರೆ ಸೇರಿ, ಮೊದಲಿನ ಆರೋಗ್ಯಕ್ಕೆ ಬರಲು ಬಹಳ ದಿನ ಬೇಕಾಯಿತು.

ಓಟ ಹುಟ್ಟಿದ ಬಗೆ

ಟೂರ್ ಡಿ ಫ್ರಾನ್ಸ್ ಆರಂಭವಾದದ್ದು 1903ರ ಜುಲೈ 1ರಂದು. ಲೋಟೋ ಎಂಬ ಕ್ರೀಡಾಪತ್ರಿಕೆ ತನ್ನ ಮಾರಾಟ ಹೆಚ್ಚಿಸಿಕೊಳ್ಳಲು ಇದನ್ನು ಹೂಡಿತು. ಸಂಪಾದಕ ಆನ್ರಿ ದೆಗ್ರಾಂಜ್ ಓಟದ ಯಜಮಾನ, ನಿಯಮ ಬರೆಯುವವನೂ ಅವನೇ, ತಪ್ಪಿದವರಿಗೆ ದಂಡ ಹಾಕುವವನೂ ಅವನೇ. ಮೊದಲ ವರ್ಷ ಆರು ಹಂತ, ಒಟ್ಟು 2,428 ಕಿ.ಮೀ. ಅರವತ್ತು ಜನ ಹೊರಟು ಇಪ್ಪತ್ತೊಂದು ಜನ ಮುಗಿಸಿದರು. ಆರೂ ಹಂತಗಳ ಕಾಲವನ್ನು ಕೂಡಿಸಿ, ಯಾರ ಮೊತ್ತ ಅತಿ ಕಡಿಮೆಯೋ ಅವನೇ ವಿಜಯಿ. ಮಾರಿಸ್ ಗಾರಾಂ ಎರಡನೆಯವನಿಗಿಂತ ಸುಮಾರು ಮೂರು ತಾಸು ಮುಂದಿದ್ದು ಗೆದ್ದ.

1904ರಲ್ಲಿ ಎಲ್ಲ ಕೆಟ್ಟಿತು. ಹಂತಗಳು ಉದ್ದ, ರಾತ್ರಿಯ ಕತ್ತಲಲ್ಲಿ ನಡೆಯುವಂಥವು. ದಾರಿಯಲ್ಲಿ ಮೊಳೆ ಚೆಲ್ಲಿದರು, ಎದುರಾಳಿಯ ಊರಿನವರು ಸವಾರರ ಮೇಲೆ ಬಿದ್ದರು, ಕೆಲವರು ವಾಹನದ ನೆರವು ಪಡೆದರೆಂಬ ದೂರು ಬಂತು. ವರ್ಷದ ಕೊನೆಗೆ ವಿಚಾರಣೆ ಮುಗಿದಾಗ ಮೊದಲ ನಾಲ್ಕು ಸ್ಥಾನದವರನ್ನೂ ತೆಗೆದುಹಾಕಿ, ಇಪ್ಪತ್ತು ತುಂಬದ ಆನ್ರಿ ಕೊರ್ನೆಯನ್ನು ವಿಜಯಿ ಎಂದು ಸಾರಿದರು.

ಕಾಲವನ್ನು ಕದಿಯಬಹುದಾದರೆ ಕಾಲವನ್ನು ಅಳೆಯುವುದೇ ಬೇಡವೆಂದು ದೆಗ್ರಾಂಜ್ 1905ರಲ್ಲಿ ಅಂಕಪದ್ಧತಿ ತಂದ. ಮುಂದೆ ಅದರ ವಿವರಗಳು ಆಗೀಗ ಬದಲಾದವು, ಮೂಲ ಮಾತ್ರ ಒಂದೇ: ಹಂತದಲ್ಲಿ ಮೊದಲು ಬಂದವನಿಗೆ 1 ಅಂಕ, ಎರಡನೆಯವನಿಗೆ 2, ಹೀಗೆ. ಕೊನೆಗೆ ಅಂಕ ಕಡಿಮೆಯಿದ್ದವನು ಗೆದ್ದ. 1912ರವರೆಗೆ ಇದೇ ನಡೆಯಿತು. ಕ್ರಿಸ್ತೋಫ್ 1906ರಲ್ಲಿ ಮೊದಲ ಸಲ ಟೂರ್‌ಗೆ ಇಳಿದು ಒಂಬತ್ತನೆಯವನಾದದ್ದು ಈ ಪದ್ಧತಿಯಲ್ಲಿ.

ಎರಡು ಅಳತೆ, ಎರಡು ವಿಜಯಿಗಳು

ಈ ಹಂತದಲ್ಲಿ ಕಥೆ ನಿಲ್ಲಿಸಿ ಕರಿಹಲಗೆಯ ಮೇಲೆ ನಮ್ಮದೇ ಜಿಲ್ಲೆಯ ಒಂದು ಕಲ್ಪಿತ ಓಟವನ್ನು ಬರೆದೆ. ಮೂರು ಹಂತ: ನವಲಗುಂದದಿಂದ ಅಣ್ಣಿಗೇರಿ, ಅಣ್ಣಿಗೇರಿಯಿಂದ ಕುಂದಗೋಳ, ಕುಂದಗೋಳದಿಂದ ಕಲಘಟಗಿ. ಮೊದಲೆರಡು ಎರೆ ಬಯಲಿನ ಸಪಾಟು ದಾರಿ, ಕೊನೆಯದು ಮಲೆನಾಡಿನ ಸೆರಗಿನ ಏರಿಳಿತದ ಕಡೆಗೆ ಹೋಗುವುದು. ಸವಾರರು ಮೂವರು: ಕೆಂಪಂಗಿಯವ, ನೀಲಿ ಅಂಗಿಯವ, ಹಸಿರಂಗಿಯವ. ಕಾಲವನ್ನು ತಾಸು-ನಿಮಿಷ-ಸೆಕೆಂಡಿನಲ್ಲಿ ಬರೆದೆ.

ಮೊದಲ ಹಂತ: ಕೆಂಪು 1-00-00, ನೀಲಿ 1-00-10, ಹಸಿರು 1-05-00.
ಎರಡನೆಯ ಹಂತ: ಕೆಂಪು 1-40-00, ನೀಲಿ 1-40-05, ಹಸಿರು 1-46-00.
ಮೂರನೆಯ ಹಂತ: ನೀಲಿ 2-00-00, ಕೆಂಪು 2-12-00, ಹಸಿರು 2-13-00.

ತರಗತಿಯ ಅರ್ಧದಷ್ಟು ಮಕ್ಕಳಿಗೆ ದರ್ಜೆ ಕೂಡಿಸಲು, ಉಳಿದವರಿಗೆ ಕಾಲ ಕೂಡಿಸಲು ಹೇಳಿದೆ. ದರ್ಜೆಯವರಿಗೆ ಕೆಂಪು 1+1+2=4, ನೀಲಿ 2+2+1=5, ಹಸಿರು 9 ಬಂತು. ಕೆಂಪಂಗಿಯವ ಗೆದ್ದ. ಕಾಲದವರಿಗೆ ಕೆಂಪು 4-52-00, ನೀಲಿ 4-40-15, ಹಸಿರು 5-04-00 ಬಂತು. ನೀಲಿಯವ 11 ನಿಮಿಷ 45 ಸೆಕೆಂಡುಗಳಿಂದ ಗೆದ್ದ. ಎರಡೂ ಕಡೆಯ ಲೆಕ್ಕ ಸರಿಯಾಗಿತ್ತು. ತಮ್ಮ ಲೆಕ್ಕ ಸರಿಯೆಂದು ಎರಡು ಗುಂಪುಗಳು ಒಂದನ್ನೊಂದು ಪರೀಕ್ಷಿಸಿಕೊಂಡು, ತಪ್ಪು ಸಿಗದೆ ಸುಮ್ಮನಾದವು. ನಾನು ಬಯಸಿದ್ದ ಕ್ಷಣ ಅದು. ಒಂದೇ ಓಟ, ಒಂದೇ ದತ್ತಾಂಶ, ಅಳತೆ ಬದಲಾದೊಡನೆ ವಿಜಯಿ ಬದಲಾದ.

ದರ್ಜೆಯ ಲೆಕ್ಕದಲ್ಲಿ ಹತ್ತು ಸೆಕೆಂಡಿನ ಅಂತರಕ್ಕೂ ಹನ್ನೆರಡು ನಿಮಿಷದ ಅಂತರಕ್ಕೂ ಬೆಲೆ ಒಂದೇ. ಯಾರು ಎಷ್ಟು ಮುಂದೆ ಹೋದರೆಂಬುದು ಅಲ್ಲಿ ಅಳಿಸಿಹೋಗುತ್ತದೆ. ಕಾಲದ ಲೆಕ್ಕದಲ್ಲಿ ಪ್ರತಿ ಸೆಕೆಂಡೂ ಉಳಿಯುತ್ತದೆ, ಹಾಗೆಯೇ ಒಂದು ಕೆಟ್ಟ ದಿನದ ನಷ್ಟವೂ ಪೂರ್ತಿಯಾಗಿ ಉಳಿಯುತ್ತದೆ. ಈ ಎರಡನ್ನೂ ಕ್ರಿಸ್ತೋಫ್ ಒಂದರ ಹಿಂದೆ ಒಂದು ವರ್ಷ ಅನುಭವಿಸಿದ.

1912: ಒಬ್ಬನೇ ಹೋದ ದಾರಿ

1912ರ ಟೂರ್‌ನಲ್ಲಿ ಕ್ರಿಸ್ತೋಫ್ ಸತತ ಮೂರು ಹಂತ ಗೆದ್ದ. ಅವುಗಳಲ್ಲಿ ಆಲ್ಪ್ಸ್ ಪರ್ವತದ ನಡುವೆ ಗ್ರೆನೋಬಲ್ ಊರಿಗೆ ಬಂದ ಹಂತದಲ್ಲಿ 315 ಕಿ.ಮೀ. ದೂರ ಒಬ್ಬನೇ ಎಲ್ಲರಿಗಿಂತ ಮುಂದೆ ಸವಾರಿ ಮಾಡಿದ. ಅಷ್ಟು ಉದ್ದದ ಒಂಟಿ ಓಟ ಟೂರ್ ಚರಿತ್ರೆಯಲ್ಲಿಯೇ ಅಪರೂಪ. ಆದರೆ ಅಂಕಪದ್ಧತಿಯಲ್ಲಿ ಅದಕ್ಕೆ ಸಿಕ್ಕದ್ದು ಒಂದನೆಯ ದರ್ಜೆ, ಅಷ್ಟೇ. ಗುಂಪಿನ ಜೊತೆ ಬಂದು ಕೊನೆಯ ನೂರು ಗಜದಲ್ಲಿ ಒಂದು ಗಾಲಿ ಮುಂದಾಗಿದ್ದರೂ ಅದೇ ಸಿಗುತ್ತಿತ್ತು.

ಬೆಲ್ಜಿಯಂ ದೇಶದ ಒಡಿಲ್ ಡೆಫ್ರೇ ಹಂತದಿಂದ ಹಂತಕ್ಕೆ ಮುಂದಿನ ದರ್ಜೆಗಳಲ್ಲಿಯೇ ಉಳಿದು 49 ಅಂಕಗಳಿಂದ ಗೆದ್ದ. ಬೇರೆ ಬೇರೆ ತಂಡಗಳಲ್ಲಿದ್ದ ಅವನ ದೇಶದವರೂ ಅವನಿಗೆ ಒತ್ತಾಸೆಯಾಗಿದ್ದರು. ಕ್ರಿಸ್ತೋಫ್ 108 ಅಂಕಗಳಿಂದ ಎರಡನೆಯವನಾದ. ಅಂಕದಲ್ಲಿ ಇಷ್ಟು ಅಂತರವಿದ್ದರೂ, ಕಾಲವನ್ನು ಕೂಡಿಸಿದ್ದರೆ ಕೊನೆಯ ಹಂತದ ತನಕ ಕ್ರಿಸ್ತೋಫ್‌ನೇ ಮುಂದಿರುತ್ತಿದ್ದ ಎಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಪದ್ಧತಿಯಲ್ಲಿ ಕೊರತೆಯಿದೆಯೆಂದು ದೆಗ್ರಾಂಜ್‌ಗೂ ಅನಿಸಿತು. 1913ರಲ್ಲಿ ಅಂಕ ಬಿಟ್ಟು ಮತ್ತೆ ಕಾಲದ ಲೆಕ್ಕಕ್ಕೆ ಮರಳಿದ.

1913: ಕುಲುಮೆ

ಹೊಸ ಪದ್ಧತಿ ಕ್ರಿಸ್ತೋಫ್‌ಗಾಗಿಯೇ ಬಂದಂತಿತ್ತು. 1913ರಲ್ಲಿ ಬಯೋನ್ ಊರಿನಿಂದ ಲ್ಯುಶಾಂ ಊರಿಗೆ ಪಿರೆನೀಸ್ ಪರ್ವತಗಳ ಮೇಲೆ ಹಾಯುವ ಹಂತ, ಉದ್ದ 326 ಕಿ.ಮೀ. ಒಟ್ಟು ಕಾಲದಲ್ಲಿ ಅವನಿಗಿಂತ ತುಸು ಮುಂದಿದ್ದ ಡೆಫ್ರೇ ಆ ದಿನ ದಣಿದು ಓಟ ಬಿಟ್ಟ. ಟೂರ್ಮಲೆ ಎಂಬ ಎತ್ತರದ ಘಟ್ಟವನ್ನು ಕ್ರಿಸ್ತೋಫ್ ಎರಡನೆಯವನಾಗಿ ದಾಟಿದ. ಆ ಹೊತ್ತಿಗೆ ಒಟ್ಟು ಲೆಕ್ಕದಲ್ಲಿ ಅವನೇ ಮುಂದೆ.

ಘಟ್ಟ ಇಳಿಯುವಾಗ ಅವನ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಕವಲು, ಮುರಿಯಿತು. ಆಗಿನ ನಿಯಮದಂತೆ ಸವಾರ ತನ್ನ ಸೈಕಲ್ಲನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕು, ಬೇರೆ ಸೈಕಲ್ ತೆಗೆದುಕೊಳ್ಳುವಂತಿಲ್ಲ, ಯಾರ ಕೈಯ ನೆರವೂ ಪಡೆಯುವಂತಿಲ್ಲ. ಒಂದು ಹೆಗಲಿಗೆ ಸೈಕಲ್ ಏರಿಸಿಕೊಂಡು ಅವನು ಹತ್ತು ಕಿ.ಮೀ.ಗಿಂತ ಕಡಿಮೆಯಿಲ್ಲದ ದಾರಿ ನಡೆದ. ಹಿಂದೆ ಬಿದ್ದಿದ್ದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಕೆಳಗೆ ಸಾಂತ್ ಮರೀ ದ ಕಾಂಪಾಂ ಎಂಬ ಹಳ್ಳಿಯಲ್ಲಿ ಒಂದು ಕಂಬಾರನ ಕುಲುಮೆ ಸಿಕ್ಕಿತು.

ಕಂಬಾರ ಕೆಲಸ ಬಲ್ಲವನು, ಸಾಮಾನು ಕೊಟ್ಟ, ಕಸುಬಿನ ಮಾತು ಹೇಳಿದ, ಸುತ್ತಿಗೆಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಓಟದ ಅಧಿಕಾರಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೀಗದ ಕೆಲಸ ಕಲಿತ ಕ್ರಿಸ್ತೋಫ್ ಕಬ್ಬಿಣ ಕಾಯಿಸಿ, ಬಡಿದು, ಬೆಸೆದು ಸುಮಾರು ಮೂರು ತಾಸಿನಲ್ಲಿ ಫೋರ್ಕನ್ನು ಮತ್ತೆ ಸರಿಮಾಡಿದ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದವನು ತಿದಿ ಒತ್ತುವುದು ಹೇಗೆ? ಅಲ್ಲಿದ್ದ ಸಣ್ಣ ಹುಡುಗನೊಬ್ಬ ತಿದಿ ಒತ್ತಿದ. ಇದಕ್ಕಾಗಿ ಅಧಿಕಾರಿಗಳು ಕ್ರಿಸ್ತೋಫ್‌ಗೆ ಹತ್ತು ನಿಮಿಷದ ದಂಡ ಹಾಕಿದರು. ಮುಂದೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು.

ಅವನು ಲ್ಯುಶಾಂ ಮುಟ್ಟಿದಾಗ ಗೆದ್ದವನಿಗಿಂತ ಸುಮಾರು ನಾಲ್ಕು ತಾಸು ತಡವಾಗಿತ್ತು. ಆದರೂ ಅವನ ಹಿಂದೆ ಇನ್ನೂ ಸವಾರರು ಬರುವವರಿದ್ದರು. ಇದನ್ನು ಗಮನಿಸಲು ಮಕ್ಕಳಿಗೆ ಹೇಳಿದೆ. ಹಿಂದಿನ ವರ್ಷದ ಅಂಕಪದ್ಧತಿ ಇದ್ದಿದ್ದರೆ ಅವನಿಗೆ ಆ ದಿನ ಒಂದಷ್ಟು ಅಂಕ ಹೆಚ್ಚಾಗುತ್ತಿದ್ದವು, ಮುಂದಿನ ಹಂತಗಳಲ್ಲಿ ಸರಿದೂಗಿಸಿಕೊಳ್ಳುವ ಆಸೆ ಇರುತ್ತಿತ್ತು. ಕಾಲದ ಲೆಕ್ಕದಲ್ಲಿ ನಾಲ್ಕು ತಾಸನ್ನು ಮರಳಿ ಪಡೆಯುವ ಮಾತೇ ಇರಲಿಲ್ಲ. 1912ರಲ್ಲಿ ಕಾಲದ ಲೆಕ್ಕವಿದ್ದಿದ್ದರೆ ಚೆನ್ನಾಗಿತ್ತು, 1913ರಲ್ಲಿ ಅಂಕದ ಲೆಕ್ಕವಿದ್ದಿದ್ದರೆ ಚೆನ್ನಾಗಿತ್ತು. ಅವನಿಗೆ ಎರಡೂ ಸಲ ಎದುರಾದದ್ದು ಇನ್ನೊಂದು. ಆ ವರ್ಷ ಬೆಲ್ಜಿಯಂನ ಫಿಲಿಪ್ ತೀಸ್ ಗೆದ್ದ, ಕ್ರಿಸ್ತೋಫ್ ಪ್ಯಾರಿಸ್ ತನಕ ಬಿಡದೆ ಸವಾರಿ ಮಾಡಿ ಏಳನೆಯವನಾದ.

ಹಳದಿ ಅಂಗಿ

1914ರ ಟೂರ್ ಮುಗಿಯುತ್ತಿದ್ದಂತೆ ಮೊದಲ ಮಹಾಯುದ್ಧ ಆರಂಭವಾಯಿತು. ಕ್ರಿಸ್ತೋಫ್ ಸೈಕಲ್ ದಳದ ಸೈನಿಕನಾದ. ಯುದ್ಧ ಮುಗಿದು 1919ರಲ್ಲಿ ಓಟ ಮತ್ತೆ ನಡೆದಾಗ ಫ್ರಾನ್ಸಿನ ಉತ್ತರದ ರಸ್ತೆಗಳು ಹಾಳಾಗಿದ್ದವು, ಸವಾರರಲ್ಲಿ ಅನೇಕರು ಸತ್ತಿದ್ದರು, ಟೈರಿಗೂ ಬರ. 15 ಹಂತ, 5,560 ಕಿ.ಮೀ. ಹೊರಟ 67 ಜನರಲ್ಲಿ ಕೊನೆಯ ಪಟ್ಟಿಯಲ್ಲಿ ಉಳಿದವರು ಹತ್ತು ಜನ.

ಒಟ್ಟು ಕಾಲದಲ್ಲಿ ಯಾರು ಮುಂದಿದ್ದಾರೆಂಬುದು ಪತ್ರಿಕೆಯ ಪಟ್ಟಿ ನೋಡಿದರೆ ತಿಳಿಯುತ್ತಿತ್ತು, ರಸ್ತೆಬದಿಯ ಜನಕ್ಕೆ ಕಣ್ಣಾರೆ ತಿಳಿಯುತ್ತಿರಲಿಲ್ಲ. ಮೊದಲು ಹಾದುಹೋದವನೇ ಮುಂದಿರುವವನೆಂದು ಹೇಳುವಂತಿಲ್ಲವಲ್ಲ. ಅದಕ್ಕೆಂದು ಮುಂದಿರುವವನಿಗೆ ಹಳದಿ ಅಂಗಿ ತೊಡಿಸುವುದೆಂದಾಯಿತು. ಲೋಟೋ ಪತ್ರಿಕೆ ಅಚ್ಚಾಗುತ್ತಿದ್ದ ಕಾಗದದ ಬಣ್ಣವೂ ಹಳದಿಯೇ. 1919ರ ಜುಲೈ 19ರಂದು ಗ್ರೆನೋಬಲ್‌ನಲ್ಲಿ ಅದನ್ನು ಮೊದಲು ತೊಟ್ಟವನು ಕ್ರಿಸ್ತೋಫ್. ಜೊತೆಯ ಸವಾರರು ಹಳದಿ ಹಕ್ಕಿಯೆಂದು ಅವನನ್ನು ಗೇಲಿ ಮಾಡಿದರಂತೆ.

ಕೊನೆಗೆ ಎರಡೇ ಹಂತ ಉಳಿದಾಗ ಅವನು ಎರಡನೆಯವನಾದ ಫಿರ್ಮಾಂ ಲಾಂಬೊಗಿಂತ ಅರ್ಧ ತಾಸಿನ ಹತ್ತಿರ ಮುಂದಿದ್ದ. ಮೆಟ್ಸ್‌ನಿಂದ ಡಂಕರ್ಕ್‌ಗೆ ಹೋಗುವ 468 ಕಿ.ಮೀ. ಹಂತದಲ್ಲಿ, ವಲಾಂಸಿಯೆನ್ ಬಳಿ, ಯುದ್ಧದಲ್ಲಿ ಕೆಟ್ಟ ಕಲ್ಲುರಸ್ತೆಯ ಮೇಲೆ ಫೋರ್ಕ್ ಮತ್ತೆ ಮುರಿಯಿತು. ಈ ಸಲ ಹತ್ತಿರವೇ ಒಂದು ಸೈಕಲ್ ಕಾರ್ಖಾನೆ ಇತ್ತು, ತಾನೇ ಸರಿಮಾಡಿಕೊಂಡ. ಆದರೂ ಎರಡು ತಾಸಿಗೂ ಹೆಚ್ಚು ಕಾಲ ಹೋಯಿತು. ಲಾಂಬೊ ಗೆದ್ದ, ಕ್ರಿಸ್ತೋಫ್ ಮೂರನೆಯವನು. ಜನ ಒಪ್ಪಲಿಲ್ಲ. ಪತ್ರಿಕೆಯ ಮೂಲಕ ಚಂದಾ ಎತ್ತಿದರು, ಪುಟ್ಟ ಪುಟ್ಟ ಮೊತ್ತಗಳು ಸೇರಿ 13,000 ಫ್ರಾಂಕ್ ದಾಟಿತು. ಅದು ಗೆದ್ದವನ ಬಹುಮಾನಕ್ಕಿಂತ ಹೆಚ್ಚು. ಓಟದ ಪಟ್ಟಿ ಮಾತ್ರ ಹಾಗೆಯೇ ಉಳಿಯಿತು.

1922ರಲ್ಲಿ, 37ನೆಯ ವಯಸ್ಸಿನಲ್ಲಿ, ಅವನು ಮತ್ತೆ ಕೆಲವು ಹಂತ ಹಳದಿ ಅಂಗಿ ತೊಟ್ಟ. ಗಾಲಿಬಿಯೆ ಘಟ್ಟ ಇಳಿಯುವಾಗ ಮೂರನೆಯ ಸಲ ಫೋರ್ಕ್ ಮುರಿಯಿತು. ಆ ವರ್ಷವೂ ಲಾಂಬೊ ಗೆದ್ದ, ಅದೂ ಒಂದೇ ಒಂದು ಹಂತ ಗೆಲ್ಲದೆ. ಮುಂದಿದ್ದ ಇನ್ನೊಬ್ಬ ಸವಾರನಿಗೆ ಸೈಕಲ್ ಬದಲಿಸಿದ್ದಕ್ಕಾಗಿ ಒಂದು ತಾಸು ದಂಡ ಬಿದ್ದಿತ್ತು. ಒಂದು ದಿನವೂ ಮೊದಲು ಬಾರದವನು ಇಡೀ ಓಟ ಗೆಲ್ಲಬಹುದೆಂಬುದನ್ನು ಕಾಲದ ಲೆಕ್ಕ ಆಗ ಮೊದಲ ಸಲ ತೋರಿಸಿತು.

ಕ್ರಿಸ್ತೋಫ್ ಕೊನೆಯ ಟೂರ್ ಓಡಿದ್ದು 1925ರಲ್ಲಿ, ನಲವತ್ತು ವಯಸ್ಸಿಗೆ. ಪೆಡಲಿನ ಮೇಲೆ ಪಾದವನ್ನು ಹಿಡಿದಿಡುವ ಕೊಕ್ಕೆ ಮತ್ತು ಪಟ್ಟಿಗೆ ಅವನ ಹೆಸರಿಟ್ಟು ಮಾರಿದರು, ದಶಕಗಳ ಕಾಲ ಓಟಗಾರರು ಅದನ್ನು ಬಳಸಿದರು. ಸಾಂತ್ ಮರೀ ದ ಕಾಂಪಾಂ ಹಳ್ಳಿಯ ಕುಲುಮೆಯ ಗೋಡೆಗೆ ಅವನ ನೆನಪಿನ ಫಲಕ ಹಾಕಿದ್ದಾರೆ. 1970ರ ಫೆಬ್ರವರಿ 1ರಂದು ಅವನು ತೀರಿಕೊಂಡಾಗ ವಯಸ್ಸು 85.

ಇಂದಿನ ಲೆಕ್ಕ

ಈಗಿನ ಟೂರ್ ಡಿ ಫ್ರಾನ್ಸ್‌ನಲ್ಲಿ ಸಾಮಾನ್ಯವಾಗಿ 21 ಹಂತ, ನಡುವೆ ಎರಡು ದಿನ ವಿರಾಮ. ಒಂದು ತಂಡದಲ್ಲಿ ಎಂಟು ಜನ. ಮುಖ್ಯ ಗೆಲುವು ಒಟ್ಟು ಕಾಲದ್ದೇ, ಅದರ ಗುರುತು ಹಳದಿ ಅಂಗಿ. ಹಳೆಯ ಅಂಕಪದ್ಧತಿ ಸಾಯಲಿಲ್ಲ, ಬೇರೆ ರೂಪದಲ್ಲಿ ಪಕ್ಕಕ್ಕೆ ಬಂದು ನಿಂತಿತು. 1953ರಲ್ಲಿ ಆರಂಭವಾದ ಈ ಲೆಕ್ಕದಲ್ಲಿ ಈಗ ಹಂತದ ಕೊನೆಯಲ್ಲಿಯೂ ನಡುವಿನ ಗೊತ್ತುಪಡಿಸಿದ ಜಾಗದಲ್ಲಿಯೂ ಮುಂದೆ ಬಂದವರಿಗೆ ಅಂಕ ಕೊಟ್ಟು, ಹೆಚ್ಚು ಅಂಕ ಗಳಿಸಿದವನಿಗೆ ಹಸಿರು ಅಂಗಿ ಕೊಡುತ್ತಾರೆ. ಘಟ್ಟದ ತುದಿಯನ್ನು ಮೊದಲು ಮುಟ್ಟಿದವರಿಗೆ ಕೊಡುವ ಅಂಕಗಳ ಲೆಕ್ಕ 1933ರಿಂದ ಇದೆ, ಅದಕ್ಕೆ ಕೆಂಪು ಚುಕ್ಕೆಗಳ ಬಿಳಿ ಅಂಗಿ ಬಂದದ್ದು 1975ರಲ್ಲಿ. ಅದೇ ವರ್ಷದಿಂದ ಎಳೆಯ ಸವಾರರಲ್ಲಿ ಮುಂದಿರುವವನಿಗೆ ಬಿಳಿ ಅಂಗಿ. ತಂಡಗಳ ಪಟ್ಟಿ ಬೇರೆ.

ಕಾಲದ ಲೆಕ್ಕದಲ್ಲಿಯೂ ಸೂಕ್ಷ್ಮಗಳಿವೆ. ಒಂದೇ ಗುಂಪಿನಲ್ಲಿ ಗುರಿ ಮುಟ್ಟಿದವರಿಗೆಲ್ಲ ಒಂದೇ ಕಾಲ ಬರೆಯುತ್ತಾರೆ. ಸಾಮಾನ್ಯ ಹಂತದಲ್ಲಿ ಮೊದಲ ಮೂವರ ಕಾಲದಿಂದ 10, 6, 4 ಸೆಕೆಂಡು ಕಳೆಯುತ್ತಾರೆ. ವಿಜಯಿಯ ಕಾಲಕ್ಕಿಂತ ಮಿತಿಮೀರಿ ತಡವಾದವರು ಮರುದಿನ ಹೊರಡುವಂತಿಲ್ಲ. ಸಪಾಟು ದಾರಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಹೋಗುವುದರಿಂದ ಹಿಂದಿನವರಿಗೆ ಗಾಳಿಯ ಅಡ್ಡಿ ಕಡಿಮೆ, ಅಂತರ ಹೆಚ್ಚು ಬೀಳುವುದಿಲ್ಲ. ಗಿಡಮರ ಕಡಿಮೆಯಿರುವ ನವಲಗುಂದದ ಬಯಲಿನಲ್ಲಿ ಎದುರುಗಾಳಿಗೆ ಸೈಕಲ್ ತುಳಿದ ಮಕ್ಕಳಿಗೆ ಇದು ಬಾಯಿಪಾಠವಿದ್ದಂತೆ. ಅಂತರ ಬೀಳುವುದು ಘಟ್ಟದಲ್ಲಿ, ಮತ್ತೆ ಒಬ್ಬೊಬ್ಬರನ್ನೇ ಬಿಡಿಯಾಗಿ ಬಿಟ್ಟು ಕಾಲ ಅಳೆಯುವ ಹಂತದಲ್ಲಿ. 1989ರಲ್ಲಿ ಕೊನೆಯ ದಿನ ಇಂಥ ಹಂತವಿತ್ತು. 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅದನ್ನು ತುಂಬಿಕೊಂಡು, 3,200 ಕಿ.ಮೀ.ಗೂ ಹೆಚ್ಚಿನ ಓಟವನ್ನು 8 ಸೆಕೆಂಡುಗಳಿಂದ ಗೆದ್ದ. ಸೈಕಲ್ ಕೆಟ್ಟರೆ ಈಗ ತಂಡದ ಕಾರಿನಿಂದ ಇನ್ನೊಂದು ಸೈಕಲ್ ಇಳಿಸಿ ಕೊಡುತ್ತಾರೆ.

ಮಕ್ಕಳು ಎತ್ತಿದ ಮಾತು

ಮೂರನೆಯ ಅವಧಿಯನ್ನು ಚರ್ಚೆಗೆ ಬಿಟ್ಟೆ. ತಿದಿ ಒತ್ತಿದ ಹುಡುಗನಿಗಾಗಿ ದಂಡ ಹಾಕಿದ್ದು ಸರಿಯೇ ಎಂಬುದರ ಮೇಲೆ ತರಗತಿ ಎರಡಾಯಿತು. ನಿಯಮ ಎಲ್ಲರಿಗೂ ಒಂದೇ ಎಂದವರು ಕೆಲವರು. ಕಂಬಾರ ಹೇಳಿಕೊಟ್ಟದ್ದಕ್ಕೆ ದಂಡವಿಲ್ಲ, ತಿದಿ ಒತ್ತಿದ್ದಕ್ಕೆ ದಂಡವೆಂದರೆ ಹೇಗೆ ಎಂದು ಉಳಿದವರು ಕೇಳಿದರು. ಮನೆಯಲ್ಲಿ ಕುಲುಮೆ ಇರುವ ಹುಡುಗನೊಬ್ಬ ತಿದಿಯಿಲ್ಲದೆ ಕಬ್ಬಿಣ ಕೆಂಪಾಗುವುದಿಲ್ಲ, ಆ ಕೆಲಸವನ್ನು ಯಾವಾಗಲೂ ಮನೆಯ ಚಿಕ್ಕವರೇ ಮಾಡುವುದು ಎಂದು ತಿಳಿಸಿದ. ಎಲ್ಲರೂ ಅವನ ಕಡೆ ತಿರುಗಿ ಕೇಳಿದರು. ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಮಾತಾಡದೆ ಕೂರುವ ಹುಡುಗ ಅವನು.

ಆಮೇಲೆ ಒಬ್ಬ ಹುಡುಗಿ ನಮ್ಮದೇ ವಿಷಯಕ್ಕೆ ಬಂದಳು. ಹತ್ತಿ ಬಿಡಿಸುವ ದಿನಗಳಲ್ಲಿ ಅವಳು ಕೂಲಿಗೆ ಹೋಗಿದ್ದರಿಂದ ಒಂದು ರೂಪಣಾತ್ಮಕ ಮೌಲ್ಯಮಾಪನ ತಪ್ಪಿತ್ತು. ಉಳಿದವುಗಳಲ್ಲಿ ಅವಳ ಅಂಕ ಚೆನ್ನಾಗಿವೆ. ತನ್ನದೂ ಫೋರ್ಕ್ ಮುರಿದ ಹಂತವೇ ಎಂಬುದು ಅವಳ ಪ್ರಶ್ನೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ, ಒಟ್ಟು ಆರು ಹಂತಗಳನ್ನು ಕೂಡಿಸುವ ನಮ್ಮ ಪದ್ಧತಿ ಕಾಲದ ಲೆಕ್ಕದಂತೆಯೇ ಇದೆ. ಒಂದು ದಿನದ ನಷ್ಟ ಕೊನೆಯ ತನಕ ಮೊತ್ತದಲ್ಲಿ ಕುಳಿತಿರುತ್ತದೆ.

ನಾನು ಅವಳಿಗೆ ಕೊಟ್ಟ ಉತ್ತರ ಇದು. ದೆಗ್ರಾಂಜ್‌ಗೆ ಒಬ್ಬನನ್ನು ಗೆಲ್ಲಿಸಬೇಕಿತ್ತು, ಉಳಿದವರೆಲ್ಲ ಸೋಲಲೇಬೇಕಿತ್ತು. ತರಗತಿಯಲ್ಲಿ ಅಂಥ ಕಟ್ಟುಪಾಡಿಲ್ಲ. ರೂಪಣಾತ್ಮಕ ಮೌಲ್ಯಮಾಪನ ಇರುವುದೇ ಕಲಿಕೆ ಎಲ್ಲಿ ನಿಂತಿದೆಯೆಂದು ಕಂಡುಕೊಂಡು ಅಲ್ಲಿಂದ ಮುಂದೆ ನಡೆಸುವುದಕ್ಕೆ. ಆ ಘಟಕವನ್ನು ಅವಳು ಕಲಿತು ಮತ್ತೆ ಮಾಡಿ ತೋರಿಸುವುದಕ್ಕೆ ಅಡ್ಡಿಯಿರಬಾರದು. ತರಗತಿಯ ಶಿಕ್ಷಕರೊಡನೆ ಮಾತಾಡಿ ಅವಳಿಗೆ ಬೇರೆ ಚಟುವಟಿಕೆ ಗೊತ್ತುಮಾಡಿದೆವು. ಅದೇ ವಾರ ಅವಳು ಮುಗಿಸಿದಳು.

ಆ ಸಂಜೆ ವೀಕ್ಷಣಾ ಪುಸ್ತಕ ತುಂಬುವಾಗ ನಮ್ಮ ಗುಂಪಿನಲ್ಲಿ ಇನ್ನೊಂದು ಚರ್ಚೆ ಬೆಳೆಯಿತು. ಮಕ್ಕಳ ಅಂಕಪಟ್ಟಿಯ ಪಕ್ಕದಲ್ಲಿ ದರ್ಜೆಯನ್ನೂ ಬರೆಯುವ ರೂಢಿ ಎಷ್ಟೋ ಕಡೆ ಇದೆ. 71 ಪಡೆದವಳು ಮೂರನೆಯವಳು, 70 ಪಡೆದವಳು ಒಂಬತ್ತನೆಯವಳು ಆಗಿರಬಹುದು, ನಡುವೆ ಐದು ಜನ 70.5ರಲ್ಲಿ ಸಿಕ್ಕಿಕೊಂಡಿದ್ದರೆ. ಒಂದೇ ಅಂಕದ ಅಂತರ ಮನೆಯವರ ಕಣ್ಣಿಗೆ ಆರು ಮೆಟ್ಟಿಲಾಗಿ ಕಾಣುತ್ತದೆ. ಅವ್ವ ಅಪ್ಪ ನೋಡುವುದು ಆ ದರ್ಜೆಯ ಸಂಖ್ಯೆಯನ್ನೇ. ಒಂದೇ ಗುಂಪಿನಲ್ಲಿ ಬಂದವರಿಗೆ ಒಂದೇ ಕಾಲ ಬರೆಯುವ ಸೈಕಲ್ ಓಟದವರು ಈ ವಿಷಯದಲ್ಲಿ ನಮಗಿಂತ ಉದಾರಿಗಳು ಎಂದು ಮಾರ್ಗದರ್ಶಕ ಉಪನ್ಯಾಸಕರು ಹೇಳಿದ್ದು ನನ್ನ ಟಿಪ್ಪಣಿಯಲ್ಲಿದೆ.

ಈ ಪಾಠ ಕೈಗೊಳ್ಳುವವರಿಗೆ

ಮೂರು ಅವಧಿ ಬೇಕೇ ಬೇಕು, ಎರಡರಲ್ಲಿ ತುರುಕಿದರೆ ಚರ್ಚೆಗೆ ಜಾಗವಿರುವುದಿಲ್ಲ. ಮೊದಲ ಅವಧಿ 1912ರ ತನಕದ ಕಥೆ ಮತ್ತು ಕರಿಹಲಗೆಯ ಕಲ್ಪಿತ ಓಟ, ಎರಡನೆಯದು 1913 ಮತ್ತು 1919, ಮೂರನೆಯದು ಇಂದಿನ ಲೆಕ್ಕ ಮತ್ತು ಮಕ್ಕಳ ಮಾತು. ಕಲ್ಪಿತ ಓಟದ ಊರುಗಳನ್ನು ನಿಮ್ಮ ಶಾಲೆಯ ಸುತ್ತಲಿನ ಹಳ್ಳಿಗಳಿಗೆ ಬದಲಿಸಿಕೊಳ್ಳಿ. ಗಾಳಿ ಎಲ್ಲಿ ಎದುರಾಗುತ್ತದೆ, ಹಳ್ಳ ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಮಕ್ಕಳೇ ಸೇರಿಸುತ್ತಾರೆ. ಕೊಟ್ಟ ಕಾಲಗಳಲ್ಲಿ ಯಾವುದಾದರೂ ಒಂದನ್ನು ಬದಲಿಸಿ ಹಸಿರಂಗಿಯವನನ್ನು ಗೆಲ್ಲಿಸಲು ಹೇಳಿ, ಅದೂ ಅವನು ಒಂದೂ ಹಂತ ಗೆಲ್ಲದಂತೆ. ನನ್ನ ತರಗತಿಯಲ್ಲಿ ಮೊದಲ ಪ್ರಯತ್ನಕ್ಕೆ ಯಾರಿಗೂ ಬರಲಿಲ್ಲ. ಒಂದೇ ಕಾಲ ಬದಲಿಸಿದರೆ ಸಾಲದೆಂದು ಅವರೇ ಕಂಡುಕೊಂಡರು, ಎರಡು ಮೂರು ಕಾಲಗಳನ್ನು ತಿದ್ದಿ ಲೆಕ್ಕ ಕೂಡಿಸುವಾಗ ಅರವತ್ತರ ಹಾಸಲಿನ ಅಭ್ಯಾಸ ಯಾರೂ ಹೇಳದೆಯೇ ಆಯಿತು.